ಸಕುಟುಂಬ ಪರಿವಾರ ಸಮೇತ ದಿವಾಳಿ

ಗಂಡ ಹೆಂಡತಿ ಇಬ್ಬರೂ ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಿಂದ ತೆಗೆದ ಬಟ್ಟೆ ಉಟ್ಟು, ಬೆಳ್ಳಿಯ ಕುಂಕುಮ ಭರಣಿ ಹಿಡಿದು ಬೆಳಿಗ್ಗೆ ಎಂಟು ಗಂಟೆಗೆ ನಿಮ್ಮ ಬಾಗಿಲಲ್ಲಿ ನಿಂತರೆ ನೀವು ಏನೆಂದುಕೊಳ್ಳುತ್ತೀರಿ? ನಾನೂ ಅದನ್ನೇ ಅಂದುಕೊಂಡೆ. ಒಳಗೆ ಓಡಿ ಶರ್ಟು ಹಾಕಿಕೊಂಡು ಬಂದೆ.

ಬಂದವರು ಬಳ್ಳಾರಿಯ ನಮ್ಮ ಗಾಂಧಿನಗರದವರೇ. ಮೂರು ಮನೆ ಆಚೆಯ ವಾಸುದೇವ ಮತ್ತು ಅವನ ಹೆಂಡತಿ ಇಂದಿರಾಬಾಯಿ. ವಾಸುದೇವನದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಮಗಳು ಹುಟ್ಟಿದ ಮೇಲೆ ಅವಳ ಹೆಸರಿಟ್ಟು ‘ಶ್ರೀಪ್ರಿಯಾ ಪ್ರಿಂಟರ್ಸ್’ ಎಂದು ಬೋರ್ಡು ಬರೆಸಿದ್ದಾನೆ. ಆ ಶ್ರೀಪ್ರಿಯಾ ಇನ್ನೂ ಒಂಬತ್ತನೇ ತರಗತಿ. ಹಾಗಾದರೆ ಮದುವೆ ಯಾರದು?

ಇಂದಿರಾಬಾಯಿ ನನ್ನ ಹೆಂಡತಿಗೆ ಕುಂಕುಮ ಹಚ್ಚಿದರು. ವಾಸುದೇವ ನನ್ನ ಕೈಗೆ ಅಕ್ಷತೆ ಹಾಕಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ದಪ್ಪ ಪತ್ರಿಕೆ ಕೊಟ್ಟ. ಮೇಲೆ ಬಂಗಾರದ ಬಣ್ಣದ ಗಣಪತಿ. ಕೆಳಗೆ ‘ಶ್ರೀ ಲಕ್ಷ್ಮೀವೆಂಕಟೇಶ ಪ್ರಸನ್ನ’. ಅದರ ಕೆಳಗೆ ಹೀಗಿತ್ತು:

‘ಭಗವಂತನ ಅನುಗ್ರಹದಿಂದಲೂ ಗುರುಹಿರಿಯರ ಆಶೀರ್ವಾದದಿಂದಲೂ ನಮ್ಮ ಶ್ರೀಪ್ರಿಯಾ ಪ್ರಿಂಟರ್ಸ್ ಹನ್ನೊಂದು ಲಕ್ಷ ನಲವತ್ತು ಸಾವಿರ ರೂಪಾಯಿ ಸಾಲದಲ್ಲಿ ಮುಳುಗಿರುತ್ತದೆ. ಸಾಲ ತೀರಿಸುವ ದಾರಿ ನಿಶ್ಚಯಿಸಲು, ಸಾಲ ಕೊಟ್ಟ ಮಹನೀಯರ ಸಭೆಯು ಬರುವ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಪ್ರೆಸ್ಸಿನ ಮೇಲಿನ ಹಾಲಿನಲ್ಲಿ ಜರುಗುವುದರಿಂದ, ತಾವು ಸಕುಟುಂಬ ಪರಿವಾರ ಸಮೇತ ಆಗಮಿಸಬೇಕಾಗಿ ವಿನಂತಿ.’

ಕೆಳಗೆ ‘ತಮ್ಮ ಸುಖಾಗಮನ ಬಯಸುವವರು’ ಎಂದು ಹದಿನೇಳು ಹೆಸರು. ಕಟ್ಟಕಡೆಯಲ್ಲಿ ‘ಆಶೀರ್ವಾದವೇ ಉಡುಗೊರೆ’.

ಬುದ್ಧಿ ಇದ್ದವನು ಇದನ್ನು ಓದಿ ಏನು ಕೇಳಬೇಕು? ‘ಅಯ್ಯೋ ವಾಸು, ಇಷ್ಟು ಸಾಲ ಹೇಗಾಯಿತೋ’ ಎಂದು ಕೇಳಬೇಕು. ನಾನು ಕೇಳಿದ್ದು ಬೇರೆ.

“ಅಲ್ಲೋ, ನನ್ನ ಹೆಸರು ಹದಿನೇಳನೇದ್ದು ಯಾಕ ಹಾಕೀ?”

“ಆಚಾರ್ರೇ, ನಿಮ್ಮದು ಮೂರು ಸಾವಿರ. ದೊಡ್ಡ ಸಾಲದಿಂದ ಸಣ್ಣ ಸಾಲಕ್ಕ ಇಳಕೋತ ಬರೀರಿ ಅಂತ ವಕೀಲ್ರು ಹೇಳ್ಯಾರ.”

“ನಾನು ರಘೋತ್ತಮಾಚಾರ! ಮೂವತ್ತೊಂದು ವರ್ಷ ಕೋರ್ಟಿನ ನಕಲು ವಿಭಾಗದಾಗ ಇದ್ದಾಂವ! ಜೆರಾಕ್ಸ್ ಅಂಗಡಿ ಜೋಗಪ್ಪನ ಕೆಳಗ ನಾನು?”

“ಜೋಗಪ್ಪಂದು ಮೂವತ್ತು ಸಾವಿರ ಅದರೀ,” ಎಂದ ವಾಸುದೇವ, ಬಹಳ ಮರ್ಯಾದೆಯಿಂದ.

ಇಷ್ಟು ಹೇಳಿದ ಮೇಲೆ ಹಿಂದಿನದನ್ನೂ ಹೇಳಬೇಕು. ಮೊಬೈಲಿನಲ್ಲಿ ಪತ್ರಿಕೆ ಕಳಿಸುವ ಕಾಲ ಬಂತು ನೋಡಿ, ವಾಸುದೇವನ ಪ್ರೆಸ್ಸು ಅಂದಿನಿಂದಲೇ ಏದುಸಿರು ಬಿಡತೊಡಗಿತು. ಅವನು ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದ. ಆ ಇನ್ನೊಂದನ್ನು ತೀರಿಸಲು ಚೀಟಿ ಎತ್ತಿದ. ಚೀಟಿ ಕಟ್ಟಲು ನನ್ನ ಹತ್ತಿರ ಬಂದ. ಕಾನೂನು ಮೂವತ್ತೊಂದು ವರ್ಷ ನನ್ನ ಕೈಯಿಂದ ಹಾದುಹೋಗಿದೆ. ತಲೆಯಲ್ಲಿ ಎಷ್ಟು ನಿಂತಿದೆ ಎನ್ನುವುದು ಬೇರೆ ಮಾತು. ನಾನು ಮೂರು ಸಾವಿರದ ಜೊತೆಗೆ ನಾಲ್ಕು ಸಲಹೆಯನ್ನೂ ಪುಕ್ಕಟೆ ಕೊಟ್ಟೆ. ಒಂದು, ಐಪಿ ಹಾಕಿಬಿಡು. (ಕೈಯೆತ್ತಿ ಕೋರ್ಟಿಗೆ ದಿವಾಳಿ ಅರ್ಜಿ ಕೊಡುವುದಕ್ಕೆ ನಮ್ಮ ಬಳ್ಳಾರಿ ಕಡೆ ಐಪಿ ಹಾಕುವುದು ಎನ್ನುತ್ತಾರೆ.) ಎರಡು, ಅದಕ್ಕೆ ಮುಂಚೆ ಮನೆಯನ್ನು ಹೆಂಡತಿಯ ಹೆಸರಿಗೆ ಬರೆ. ಮೂರು, ಮಷೀನನ್ನು ಹೆಂಡತಿಯ ತಮ್ಮನ ಮನೆಯಲ್ಲಿ ಬಚ್ಚಿಡು. ನಾಲ್ಕು, ನನ್ನ ಮೂರು ಸಾವಿರ ಮಾತ್ರ ಎಲ್ಲರಿಗಿಂತ ಮೊದಲು ಕೊಟ್ಟುಬಿಡು.

ಈ ನಾಲ್ಕನ್ನೂ ಹಾಳೆಯ ಮೇಲೆ ಬರೆದುಕೊಂಡು ವಾಸುದೇವ ವಕೀಲೆ ಗೌತಮಿಯ ಆಫೀಸಿಗೆ ಹೋದ. ಸಿರುಗುಪ್ಪ ಕಡೆಯ ಕರೂರಿನ ಹುಡುಗಿ, ನಮ್ಮ ಬೀದಿಯಲ್ಲೇ ಮಹಡಿಯ ಮೇಲೆ ಆಫೀಸು ಮಾಡಿದ್ದಾಳೆ. ಹಾಳೆ ಓದಿ, “ಇದನ್ನ ಯಾರು ಹೇಳಿದ್ರು?” ಎಂದಳಂತೆ. ವಾಸುದೇವ ನನ್ನ ಹೆಸರು ಹೇಳಿಯೇಬಿಟ್ಟ, ಪುಣ್ಯಾತ್ಮ.

“ಸರ್, ಮೊದಲನೇದ್ದು ಕಡೀ ಬಾಗಿಲಾ. ಉಳಿದ ಮೂರು ಮಾಡಿದ್ರ ಆ ಬಾಗಿಲಾನೂ ಮುಚ್ಚತೈತಿ. ಆಸ್ತಿ ಬಚ್ಚಿಡಬ್ಯಾಡ್ರಿ. ಒಬ್ರಿಗೆ ಕದ್ದು ಕೊಟ್ಟು ಉಳಿದೋರಿಗೆ ಕೈ ತೋರಿಸಬ್ಯಾಡ್ರಿ. ಸಾಲಾ ತೀರಿಸಾಕ ಸಾಲಾ ಅಂತೂ ಮಾಡಾಕ ಹೋಗಬ್ಯಾಡ್ರಿ. ಕೊಡಬೇಕಾದೋರ ಹೆಸರೆಲ್ಲಾ ಬರೀರಿ. ಎಲ್ಲಾರನ್ನೂ ಒಂದ ದಿನಾ ಕರೀರಿ, ಎಲ್ಲಾರಿಗೂ ಒಂದ ಮಾತು ಹೇಳ್ರಿ. ಕೂಡಿ ಒಪ್ಪಿದ್ರ ಕೋರ್ಟೂ ಬೇಕಾಗಂಗಿಲ್ಲ. ಬರವಣಿಗಿಯಾಗ ತಿಳಸ್ರಿ: ದಿನಾ, ಟೈಮು, ಜಾಗಾ, ಕಾರಣ, ಎಲ್ಲಾರ ಹೆಸರು. ಒಬ್ರನ್ನೂ ಬಿಡಬ್ಯಾಡ್ರಿ.”

ನೀವೇ ಹೇಳಿ. ಮೂವತ್ತು ವರ್ಷ ಲಗ್ನಪತ್ರಿಕೆಯನ್ನೇ ಅಚ್ಚು ಹಾಕಿದವನಿಗೆ ದಿನ, ಟೈಮು, ಜಾಗ, ಕಾರಣ, ಎಲ್ಲರ ಹೆಸರು ಎಂದರೆ ಕಣ್ಣ ಮುಂದೆ ಬರುವುದು ಏನು? ಅದೂ ಅಲ್ಲದೆ ಮುರಿದುಹೋದ ಯಾವುದೋ ಮದುವೆಯ ಮುನ್ನೂರು ಖಾಲಿ ಕಾರ್ಡು ಗಣಪತಿ ಸಮೇತ ಪ್ರೆಸ್ಸಿನಲ್ಲಿ ಬಿದ್ದಿದ್ದವು. ಖರ್ಚಿಲ್ಲದೆ ಕೆಲಸವಾಯಿತು ಎಂದು ಅವನು ಹಿಗ್ಗಿದ.

ನಾನು ಪತ್ರಿಕೆ ಹಿಡಿದು ನೇರವಾಗಿ ಗೌತಮಿಯ ಮಹಡಿ ಹತ್ತಿದೆ. ಅವಳು ಅದನ್ನು ನೋಡಿ ಹಣೆ ಹಿಡಿದುಕೊಂಡಳು. ಆಮೇಲೆ ಪೆನ್ನು ತೆಗೆದು ಒಂದೊಂದೇ ಗುರುತು ಹಾಕಿದಳು.

“ದಿನಾ ಐತಿ. ಟೈಮು ಐತಿ. ಮೊತ್ತ ಖರೆ ಐತಿ. ಹೆಸರು ಪೂರಾ ಅದಾವು. ಗಣಪತಿ ಇರಬಾರದು ಅಂತ ಯಾವ ಕಾನೂನಿನಾಗೂ ಇಲ್ಲ ಬಿಡ್ರಿ ಸರ್.”

“ಸಾಲಾ ಕೊಟ್ಟವರನ್ನ ‘ಸುಖಾಗಮನ ಬಯಸುವವರು’ ಅಂತ ಹಾಕ್ಯಾನಲ್ಲವಾ! ಕರಸಿಕೊಳ್ಳೋರು ಕರಿಯೋರಾದ್ರು!”

ಅವಳು ಇನ್ನೊಮ್ಮೆ ಓದಿದಳು. “ಹೌದಲ್ರೀ. ಆದ್ರ ಮತ್ತೊಮ್ಮೆ ಪ್ರಿಂಟ್ ಹಾಕಿದ್ರ ಹೊಸಾ ಖರ್ಚು. ಬ್ಯಾಡ, ಇರಲಿ.”

ಆ ‘ಇರಲಿ’ ಎಂಬ ಒಂದು ಮಾತು ಮುಂದೆ ಎಷ್ಟು ಕೆಲಸ ಮಾಡಿತು ಎಂಬುದನ್ನು ನೋಡುವಿರಂತೆ.

ಪತ್ರಿಕೆ ಹಂಚಲು ಜೊತೆಗೊಬ್ಬ ಹಿರಿಯರು ಬೇಕು ಎಂದ ವಾಸುದೇವ. ಹಿರಿಯರು ಎಂದರೆ ನಾನು ಎಲ್ಲಿಗೆ ಬೇಕಾದರೂ ಬರುತ್ತೇನೆ. ಹೊರಟ ಮೇಲೆ ಮೊದಲ ಪತ್ರಿಕೆ ಮೊದಲ ಹೆಸರಿಗೆ: ಕಾಗದದ ವ್ಯಾಪಾರಿ ಮೈಲಾರಪ್ಪನಿಗೆ. ನಾಲ್ಕು ಲಕ್ಷ ಇಪ್ಪತ್ತು ಸಾವಿರದ ಆಸಾಮಿ. ಒಳಗೆ ಅವನ ಹೆಂಡತಿ ಪಾರಮ್ಮ ಇಂದಿರಾಬಾಯಿಗೆ ಉಡಿ ತುಂಬಿ, “ತವರಿನೋರ್ನ ಕರಕೊಂಡು ಎಲ್ಲಾರೂ ಬರ್ತೀವ್ರೀ” ಎನ್ನುತ್ತಿದ್ದಳು. ಹೊರಗೆ ಮೈಲಾರಪ್ಪ ಪತ್ರಿಕೆಯಲ್ಲಿ ತಾರೀಖು ಒಂದನ್ನೇ ನೋಡಿ ಕಿಸೆಗಿಟ್ಟ.

“ಬರ್ತೀನಿ. ಟೆಂಪೋ ತರ್ತೀನಿ, ಇಬ್ರು ಹಮಾಲರನ್ನ ತರ್ತೀನಿ. ನಿನ್ನ ಆಫ್‌ಸೆಟ್ ಮಷೀನು ಹೊತ್ಕೊಂಡು ಹೋಗ್ತೀನಿ. ನನಗ ಮಾತು ಬ್ಯಾಡ.”

ವಾಸುದೇವನ ಮುಖ ಬಿಳಚಿಕೊಂಡಿತು. ಕುರುಗೋಡಿನ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಹೇಳಿದ: “ಆಚಾರ್ರೇ, ಆ ಮಷೀನೊಂದು ಇದ್ರ ಬಿಲ್ ಬುಕ್ಕು, ದವಾಖಾನಿ ಫೈಲು, ಏನಾರ ಅಚ್ಚು ಹಾಕಿ ಎಲ್ಲಾರದೂ ತೀರಸ್ತೀನಿ. ಅದು ಹೋದ್ರ ನಾನೂ ಹೋದಂಗ. ನನಗ ಭಾಳ ಅಂಜಿಕಿ ಆಗ್ಯದ.” ಟಿಕೆಟ್ ದುಡ್ಡು ನಾನೇ ಕೊಟ್ಟೆ.

ಕುರುಗೋಡಿನಲ್ಲಿ ಚೀಟಿ ನಡೆಸುವ ವೀರಭದ್ರಮ್ಮ ನಮ್ಮನ್ನು ಚಾಪೆ ಹಾಸಿ ಕೂರಿಸಿ, ಚಹಾ ಕೊಟ್ಟು, ಇಂದಿರಾಬಾಯಿಗೆ ಜಂಪರ್ ಪೀಸು ಕೊಟ್ಟು, ಆಮೇಲೆ ಪತ್ರಿಕೆ ಬಿಚ್ಚಿದಳು. ಸಾಲ, ಮುಳುಗಿರುತ್ತದೆ, ಇದ್ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ. ಬೆರಳು ಹೆಸರುಗಳ ಮೇಲೆ ಓಡಿತು.

“ಎರಡನೇದ್ದು ಹಾಕೀ ನನ್ನ? ಆ ಕಾಗದದ ಮೈಲಾರಪ್ಪ ಮೊದಲು?”

“ಯಕ್ಕಾ, ಅವರದು ನಾಕು ಲಕ್ಷಾ, ನಿಮ್ಮದು ಒಂದು ಎಂಬತ್ತು…”

“ನಿನ್ನ ಪ್ರೆಸ್ಸಿಗೆ ಮೊದಲು ದುಡ್ಡು ಕೊಟ್ಟಾಕಿ ಯಾರಪಾ? ನಾನಾ ಅವನಾ? ಮೊದಲನೇ ಹೆಸರಂದ್ರ ಹಿರೇತನ. ಹಿರೇತನ ದುಡ್ಡಿನಿಂದ ಬರ್ತೈತೇನು? ಬರ್ತೀನಿ ತಡಿ. ಭಾನುವಾರ ಜೀಪು ಮಾಡ್ಕೊಂಡು ನಮ್ಮ ಚೀಟಿ ಹೆಣ್ಮಕ್ಕಳನ್ನೆಲ್ಲಾ ಕರಕೊಂಡು ಬಂದು, ಆ ಹಿರೇ ಮನುಷ್ಯಾ ಏನು ಹಿರೇತನ ಮಾಡ್ತಾನ ನೋಡ್ತೀನಿ!”

ಒಂದು ಲಕ್ಷ ಎಂಬತ್ತು ಸಾವಿರ ಮುಳುಗುವ ಸುದ್ದಿಗೆ ಆಕೆಯ ರಕ್ತ ಬಿಸಿಯಾಗಲಿಲ್ಲ. ಒಂದು ಹೆಸರು ಮೇಲೆ ಹೋಗಿದ್ದಕ್ಕೆ ಕುದಿಯಿತು. ನಾನು ನಕ್ಕುಬಿಡುತ್ತಿದ್ದೆ. ನನ್ನ ಹದಿನೇಳು ನೆನಪಾಗಿ ಸುಮ್ಮನಾದೆ.

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಜೋಗಪ್ಪನ ಜೆರಾಕ್ಸ್ ಅಂಗಡಿ. ಸಿರಿಗೇರಿ ಕಡೆಯ ಹಳ್ಳಿಗಳ ಲಗ್ನಪತ್ರಿಕೆ ಆರ್ಡರು ಹಿಡಿದು, ವಾಸುದೇವನಿಗೆ ಮುಂಗಡ ಕೊಟ್ಟು, ಮಾಲು ಸಿಗದೆ ಕೂತವನು. ಅವನು ಮಾತ್ರ ಪತ್ರಿಕೆಯನ್ನು ಮೊದಲಿನಿಂದ ಕೊನೆತನಕ ಓದಿದ. ಓದಿ, ತನ್ನ ಹೆಸರಿನ ಮೇಲೆ ಕೈ ಸವರಿದ.

“ವಾಸಣ್ಣ, ಸಾವಿರಾರು ಪತ್ರಿಕಿ ಮಂದಿಗೆ ಮಾಡಸಿಕೊಟ್ಟೀನಿ. ಶೆಟ್ರು, ಆಚಾರ್ರು, ಗೌಡ್ರ ಜೋಡಿ ಒಂದ ಪಂಕ್ತಿಯಾಗ ನನ್ನ ಹೆಸರು ಬಂದಿದ್ದು ಇದ ಮೊದಲು. ನಮ್ಮವ್ವಗ ತೋರಸ್ತೀನಿ.” ಅಂಗಡಿಯ ಗಾಜಿಗೆ ಹೊರಮುಖ ಮಾಡಿ ಅಂಟಿಸಿಯೂಬಿಟ್ಟ. ನಾನು ಅವನ ಕೆಳಗಿದ್ದೇನೆ ಎಂದು ಬೆಳಿಗ್ಗೆ ಕೂಗಾಡಿದ್ದು ನೆನಪಾಗಿ ನಾಚಿಕೆಯಾಯಿತು. ನಾಚಿಕೆ ಐದು ನಿಮಿಷ ಇತ್ತು.

ಯಾಕೆಂದರೆ ಆರನೇ ನಿಮಿಷಕ್ಕೆ ಭಾರ್ಗವ ಬಂದ. ಇಂದಿರಾಬಾಯಿಯ ಖಾಸಾ ತಮ್ಮ, ಸಿರುಗುಪ್ಪದಲ್ಲೇ ಹೈಸ್ಕೂಲು ಮೇಷ್ಟ್ರು. ಗಾಜಿನ ಮೇಲೆ ಅಕ್ಕನ ಮನೆಯ ಪತ್ರಿಕೆ ಕಂಡಿದೆ. ತನಗೆ ಬಂದಿಲ್ಲ. ಹೆಸರುಗಳಲ್ಲಿ ಮೂರು ಸಲ ಹುಡುಕಿದ್ದಾನೆ. ಇಲ್ಲ!

“ಅಕ್ಕಾ! ಸೋದರಮಾವನ ಹೆಸರಿಲ್ಲದ ಪತ್ರಿಕಿ ಎಲ್ಲಿಯಾರ ಉಂಟೇನು? ನಾ ಸತ್ತೀನೇನು?”

“ಭಾರ್ಗವಾ, ಇದು ಲಗ್ನ ಅಲ್ಲೋ, ದಿವಾಳಿ!”

“ಯಾವುದರೆ ಆಗ್ಲಿ! ಅಕ್ಷತಾ ಹಾಕಿ ಊರೆಲ್ಲಾ ಕರದೀರಿ. ಸ್ಟಾಫ್ ರೂಮಿನಾಗ ನಾ ಏನು ಮುಖಾ ತೋರಸಲಿ?”

“ಸಾಲಾ ಕೊಟ್ಟವರ ಹೆಸರಷ್ಟ ಹಾಕಬೇಕಪಾ,” ಎಂದ ವಾಸುದೇವ.

“ಹಂಗೇನು? ತಗೋ!” ಭಾರ್ಗವ ಎಟಿಎಮ್ಮಿನತ್ತ ಓಡಿ, ಹತ್ತು ಸಾವಿರ ತಂದು ವಾಸುದೇವನ ಕಿಸೆಗೆ ತುರುಕಿದ. “ಈಗ ಸಾಲಾ ಕೊಟ್ಟೀನಿ. ಹಾಕು ಹೆಸರು!”

ನಾಲ್ಕು ತಿಂಗಳ ಹಿಂದೆ ಇದೇ ವಾಸುದೇವ ಎರಡು ಸಾವಿರ ಕೇಳಿದಾಗ ಇದೇ ಭಾರ್ಗವ ಫೋನು ಎತ್ತಿರಲಿಲ್ಲ. ಹೊಸ ಸಾಲ ಕೂಡದೆಂದು ವಕೀಲರು ಹೇಳಿದ್ದಾರೆ ಎಂದು ವಾಸುದೇವ ದುಡ್ಡು ವಾಪಸು ತುರುಕಿದ. ಇವನು ತುರುಕುವುದು, ಅವನು ತುರುಕುವುದು. ಸುತ್ತ ಜನ ಸೇರಿದರು. ಸಾಲ ಕೊಡಲು ಒಬ್ಬ, ಬೇಡವೆನ್ನಲು ಒಬ್ಬ ಬೀದಿಯಲ್ಲಿ ಗುದ್ದಾಡುವುದನ್ನು ಸಿರುಗುಪ್ಪದವರು ಹಿಂದೆಂದೂ ನೋಡಿರಲಿಲ್ಲ. ಸಂಜೆಯೊಳಗೆ ಹೊಸಪೇಟೆಯ ಚಿಕ್ಕಪ್ಪ, ಆದವಾನಿಯ ಅತ್ತೆ, ಇನ್ನಾರೋ ಷಡ್ಡಕ, ಎಲ್ಲರ ಫೋನು ಬಂತು. ಎಲ್ಲರದೂ ಒಂದೇ ಮಾತು: “ನಮ್ಮ ಕಡಿಂದ ಸಾಲಾ ತಗೊಳ್ಳೋ ಯೋಗ್ಯತಾನೂ ನಮಗ ಇಲ್ಲಂತ ತಿಳಕೊಂಡೀಯೇನು?”

ಭಾನುವಾರ ಬಂತು. ಹದಿನೇಳು ಜನಕ್ಕೆ ಹದಿನೇಳು ಕುರ್ಚಿ, ಹದಿನೇಳು ಪ್ಲೇಟು ಒಗ್ಗರಣೆ ಮಂಡಕ್ಕಿ. ಗೌತಮಿ ಹಾಕಿಕೊಟ್ಟ ಲೆಕ್ಕ ಅಷ್ಟೇ. ಹತ್ತೂವರೆಗೆ ನೂರಾ ನಲವತ್ತು ಜನ! ಇಳಕಲ್ ಸೀರೆ, ಕಂಚಿ ಸೀರೆ, ಮಲ್ಲಿಗೆ, ಮಕ್ಕಳು. ಜೋಗಪ್ಪನ ತಾಯಿ ಜೋಗಮ್ಮ ಮುಂದಿನ ಸಾಲಿನಲ್ಲಿ ಪತ್ರಿಕೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ವೀರಭದ್ರಮ್ಮ ಜೀಪಿನಿಂದ ಇಳಿದು, ಖಾಲಿ ಕೈಯಲ್ಲಿ ಬರುವುದು ಹೇಗೆಂದು ತಂದ ಸ್ಟೀಲ್ ಬೋಗಾಣಿಯನ್ನು ಇಂದಿರಾಬಾಯಿಯ ಕೈಗಿಟ್ಟಳು. ಗೌತಮಿ ತಕ್ಷಣ ಆಸ್ತಿ ಪಟ್ಟಿಯಲ್ಲಿ ಬರೆದಳು: ‘ಸ್ಟೀಲ್ ಬೋಗಾಣಿ, ಒಂದು.’ ಭಾರ್ಗವನೂ ಬಂದಿದ್ದ. “ನಾ ಅವಮಾನ ಆಗ್ಯದಂತ ತೋರಸಲಿಕ್ಕೆ ಬಂದೀನಿ” ಎಂದು ಪ್ರತಿಯೊಬ್ಬರಿಗೂ ಹೇಳಿ, ಪ್ರತಿಯೊಬ್ಬರಿಗೂ ನೀರು ಕೊಡುತ್ತಿದ್ದ.

ಅಷ್ಟರಲ್ಲಿ ಕೆಳಗೆ ಟೆಂಪೋ ನಿಂತಿತು. ಇಬ್ಬರು ಹಮಾಲರು ಹಗ್ಗ ಹಿಡಿದು ಇಳಿದರು. ಹಿಂದೆ ಮೈಲಾರಪ್ಪ. ವಾಸುದೇವ ಕೆಳಗೆ ಓಡಿಹೋಗಿ ಮಷೀನಿಗೆ ಬೆನ್ನು ಕೊಟ್ಟು ನಿಂತ. ಮೈಲಾರಪ್ಪ ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಜನ ಮೇಲಿನಿಂದ ಇಳಿದು ಬಂದು ಅವನನ್ನು ಮುತ್ತಿಕೊಂಡರು.

“ಏನ್ರೀ ಮೈಲಾರಪ್ಪನೋರ, ನಿಮ್ಮ ಕಾರ್ಯಕ್ಕ ನೀವ ತಡಾ ಮಾಡಿದ್ರ ಹೆಂಗ?”

“ಕುರ್ಚಿ ಸಾಲವಲ್ವು ನೋಡ್ರಿ!”

“ಸಿರುಗುಪ್ಪದಿಂದ ಬಂದೀವಿ, ಒಂದು ಲೋಟ ಚಾ ಇಲ್ಲ!”

“ನನ್ನ ಕಾರ್ಯ? ಓರಿ ದೇವುಡಾ, ನನ್ನದ್ಯಾವ ಕಾರ್ಯ?” ಎಂದು ಮೈಲಾರಪ್ಪ ಬಾಯಿ ಬಿಟ್ಟ. ಯಾರೋ ಪತ್ರಿಕೆ ತೋರಿಸಿದರು. ಸುಖಾಗಮನ ಬಯಸುವವರು: ಶ್ರೀ ಮೈಲಾರಪ್ಪನವರು. ಮೊದಲನೇ ಹೆಸರು, ದಪ್ಪ ಅಕ್ಷರ.

ಪಾರಮ್ಮ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಕಿವಿಯ ಹತ್ತಿರ ಬಂದಳು. ಪಿಸುಮಾತೇ, ಆದರೆ ಹೊರಗಿನ ರಸ್ತೆಗೂ ಕೇಳಿಸಿತು. “ನನ್ನ ತವರಿನೋರು ಗ್ವಾಡಿಗೆ ಆನಕೊಂಡು ನಿಂತಾರ. ಪತ್ರಿಕಿಯಾಗ ಹೆಸರು ಹಾಕಸ್ಕೊಂಡು ಮಂದೀಗೆ ಕುರ್ಚಿ ಹಾಕ್ಸಾಕ ಆಗಂಗಿಲ್ಲ? ಇಜ್ಜತ್ತು ಐತೋ ಇಲ್ಲೋ ನಿಮಗ?”

ಮೈಲಾರಪ್ಪ ಮಷೀನು ನೋಡಿದ. ಹೆಂಡತಿಯನ್ನು ನೋಡಿದ. ಹಮಾಲರ ಕಡೆ ತಿರುಗಿ, “ನೂರು ಕುರ್ಚಿ ತರ್ರಿ. ಹಂಗ ಮಿರ್ಚಿ, ಒಗ್ಗರಣಿ, ಚಾ, ಎಲ್ಲಾ ನೂರೈವತ್ತು ಮಂದೀಗೆ” ಎಂದ. ಮಷೀನು ಒಯ್ಯಲು ಬಂದ ಟೆಂಪೋ ಕುರ್ಚಿ ತರಲು ಹೋಯಿತು!

ಮಿರ್ಚಿ ತಿಂದಾದ ಮೇಲೆ ಗೌತಮಿ ಎದ್ದು ನಿಂತು ಎಲ್ಲವನ್ನೂ ಓದಿದಳು. ಏನಿದೆ, ಏನಿಲ್ಲ, ತಿಂಗಳಿಗೆ ಏನು ಬರುತ್ತದೆ, ಮನೆಗೆ ಎಷ್ಟು ಬೇಕು. ಬೋಗಾಣಿಯನ್ನೂ ಬಿಡಲಿಲ್ಲ. “ಅರವತ್ತು ತಿಂಗಳು. ಬಡ್ಡಿ ಇಲ್ಲ. ಯಾರ ಸಾಲಾ ಎಷ್ಟೋ ಅದರ ಪ್ರಕಾರ ಎಲ್ಲಾರಿಗೂ ಪಾಲು. ಒಬ್ರು ಒಲ್ಲೆ ಅಂದ್ರೂ ಈ ಒಪ್ಪಂದ ಮುರೀತೈತಿ. ಆಮ್ಯಾಲೆ ಕೋರ್ಟ.”

ಮೈಲಾರಪ್ಪ ಎದ್ದ. “ಕುರ್ಚಿ ಹಾಕ್ಸೀನಿ, ಮಿರ್ಚಿ ತಿನ್ನಿಸೀನಿ. ಆತಲ್ಲ? ನನಗ ಕಂತು ಬ್ಯಾಡ. ಮಷೀನು ಕೊಡ್ರಿ.”

ವಾಸುದೇವ ಕೈ ಮುಗಿದ.

“ಕೋರ್ಟಿನ ಆರ್ಡರ್ ಇಲ್ಲದಂಗ ಮಷೀನು ಮುಟ್ಟಾಕ ಬರಂಗಿಲ್ರೀ,” ಎಂದಳು ಗೌತಮಿ. “ಅದನ್ನ ನೀವು ಒಯ್ದ್ರ ಉಳಿದ ಹದಿನಾರು ಮಂದೀಗೆ ಸೊನ್ನಿ.”

ಆಗ ವೀರಭದ್ರಮ್ಮ ಎದ್ದಳು. ಭಾನುವಾರದವರೆಗೆ ಕುದಿಸಿಟ್ಟ ಕೋಪವೆಲ್ಲ ಒಂದೇ ಸಲಕ್ಕೆ ಹೊರಬಂತು.

“ಏ ಹಿರಿಯಾ! ನನ್ನ ಮ್ಯಾಲೆ ಹೆಸರು ಹಾಕಸ್ಕೊಂಡಿ, ಮುಂದಿನ ಕುರ್ಚಿಯಾಗ ಕುಂತಿ, ಹಿರೇತನ ಮಾಡಿದಿ. ಎಲ್ಲಾ ಬರಾಬರಿ. ಮದಿವಿ ಮಾಡಸಾಕ ಬಂದ ಹಿರೇ ಮನುಷ್ಯಾ ಮದುಮಗಳನ್ನ ಟೆಂಪೋದಾಗ ಹಾಕ್ಕೊಂಡು ಹೋಗ್ತಾನೇನಪಾ?”

ನೂರಾ ನಲವತ್ತು ಜನ ಒಮ್ಮೆಗೇ ನಕ್ಕರು. ಹಮಾಲರೂ ನಕ್ಕರು. ಪಾರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮೈಲಾರಪ್ಪ ಕೆಂಪಾದ, ಕಪ್ಪಾದ, ಕೊನೆಗೆ ತಾನೂ ತಡೆಯಲಾರದೆ ಕಿಸಕ್ಕೆಂದು ನಕ್ಕು ಕೂತುಬಿಟ್ಟ.

“ಪೆನ್ನು ತಗೊಂಬಾರಲೇ ವಾಸು. ಆದ್ರ ಮೊದಲನೇ ಸಹಿ ನನ್ನದು, ಈಗ ಹೇಳೀನಿ!”

ವಾಸುದೇವ ಅತ್ತುಬಿಟ್ಟ. ಎಲ್ಲರ ಮುಂದೆ, ಮಗುವಿನ ಹಾಗೆ ಅತ್ತ. ಜೋಗಮ್ಮ ಎದ್ದು ತನ್ನ ಸೆರಗಿನಿಂದ ಅವನ ಕಣ್ಣು ಒರೆಸಿದಳು. ಹದಿನೇಳು ಸಹಿ ಬಿದ್ದವು. ನನ್ನದು ಕೊನೆಯದು. ತಿಂಗಳಿಗೆ ಐವತ್ತು ರೂಪಾಯಿಯಂತೆ ಐದು ವರ್ಷ. ನನಗೆ ಅರವತ್ತೆಂಟು. ಅಂದರೆ ನಾನು ಎಪ್ಪತ್ಮೂರರವರೆಗೆ ಬದುಕಿರಲೇಬೇಕೆಂದು ನನ್ನಿಂದ ಬರೆಸಿಕೊಂಡ ಹಾಗಾಯಿತು.

ಆರು ತಿಂಗಳು ಕಳೆಯಿತು. ನನಗೆ ಐವತ್ತರ ಆರು ನೋಟು ಬಂದಿದ್ದವು, ಒಂದೂ ತಪ್ಪಿಲ್ಲದೆ. ಒಂದು ಮಧ್ಯಾಹ್ನ ಪ್ರೆಸ್ಸಿನಲ್ಲಿ ಪೇಪರು ಓದುತ್ತ ಕೂತಿದ್ದೆ. ಮಷೀನು ಗಡಗಡ ಓಡುತ್ತಿತ್ತು. ಮೈಲಾರಪ್ಪ ಒಳಗೆ ಬಂದು ಶಟರನ್ನು ಅರ್ಧಕ್ಕೆ ಎಳೆದ.

“ವಾಸು, ಅವತ್ತು ಮಷೀನು ಯಾಕ ಬೇಕಾಗಿತ್ತು ಗೊತ್ತೈತೇನು? ಕಾಗದದ ಮಿಲ್ಲಿನೋರು ನನ್ನ ಕೊಳ್ಳಾಗ ಕುಂತಾರ. ಇಪ್ಪತ್ತೊಂಬತ್ತು ಮಂದೀಗೆ ಕೊಡಬೇಕು ನಾನು. ಅಂಜಿ ಮುಚ್ಚಿಟ್ಟಿದ್ದೆ. ವಕೀಲಮ್ಮನ ಕಡೆ ಹೋಗಿದ್ದೆ. ನಿನ್ನ ಏಳು ಸಾವಿರದ ಕಂತನ್ನ ‘ಬರೋ ದುಡ್ಡು’ ಅಂತ ಮೊದಲು ಬರಕೊಂಡ್ಳು. ತಪ್ಪಸಬ್ಯಾಡಪಾ.” ಆಮೇಲೆ ದನಿ ತಗ್ಗಿಸಿದ. “ನನಗೂ ಅಂಥದ್ದ ಪತ್ರಿಕಿ ಹಾಕಿಕೊಡು. ಗಣಪತಿ ಇರಲಿ. ನಿನ್ನ ಹೆಸರೂ ಇರಲಿ.”

“ನಾ ನಿಮಗ ಸಾಲಾ ಕೊಟ್ಟಿಲ್ಲಲ್ರೀ!”

“ಸೋದರಮಾವ ಅಂತ ಹಾಕ್ಕೋ.”

ನಾನು ಪೇಪರು ಮಡಿಚಿಟ್ಟು ಎದ್ದೆ. ಬ್ಯಾಂಕಿಗೆ ಹೋಗಿ ಪಿಂಚಣಿಯಿಂದ ಐದು ಸಾವಿರ ತೆಗೆದು, ಮನೆಗೆ ಬಂದು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೆ.

“ಎಲ್ಲಿಗೆ ಹೊಂಟೀರಿ?” ಎಂದಳು ನನ್ನವಳು.

“ಮೈಲಾರಪ್ಪಗ ಸಾಲಾ ಕೊಡ್ಲಿಕ್ಕೆ. ಅವನೂ ಗಣಪತಿ ಪತ್ರಿಕಿ ಹಾಕಸ್ಲಿಕ್ಕತ್ಯಾನ.”

“ಅಯ್ಯ, ಅಂದ್ರ ಅವನೂ ಮುಳುಗ್ಯಾನಲ್ರೀ!”

“ಸರಿ ನೀ, ದಾರಿ ಬಿಡು. ನಾಳೆ ಬೆಳಿಗ್ಗೆ ಪ್ರೂಫು ಅದ. ತಡಾ ಮಾಡಿದ್ರ ನನ್ನ ಹೆಸರು ಬಿಟ್ಟುಹೋಗ್ತದ!”